ಮಾತು ಕೇಳಿದ ಊರು

ನಿವೃತ್ತ ಡ್ರಾಯಿಂಗ್ ಮಾಸ್ತರ ಸಂಗನಬಸಪ್ಪನವರು ಲೋಕಸಭೆಗೆ ಪಕ್ಷೇತರರಾಗಿ ನಿಂತಿದ್ದರು. ಹೋದಲ್ಲೆಲ್ಲ ಜನ ಅವರ ಕರಪತ್ರಕ್ಕೆ ಮಿರ್ಚಿ ಭಜಿಯ ಎಣ್ಣೆ ಒರೆಸಿದರೇ ಹೊರತು ಮಾತು ಕೇಳಲಿಲ್ಲ. ಪ್ರಚಾರದ ಕೊನೆಯ ದಿನ ಮಾಸ್ತರರು ಬೇಸತ್ತು, ಅಡ್ಡದಾರಿ ಹಿಡಿದು ಮನೆಯ ಕಡೆ ಸ್ಕೂಟರ್ ತಿರುಗಿಸಿದರು. ದಾರಿಯಲ್ಲೊಂದು ಹಳ್ಳಿಯವರು ಅವರನ್ನು ತಾವಾಗಿಯೇ ತಡೆದು ನಿಲ್ಲಿಸಿದರು.

"ನಿಮ್ಮ ಭಾಷಣ ಕೇಳಬೇಕ್ರಿ ಮಾಸ್ತರ," ಎಂದಳು ಕಲ್ಲವ್ವ ಎಂಬ ಮುದುಕಿ.

ಕಟ್ಟೆಯ ಮೇಲೆ ಕಂಬಳಿ ಹಾಸಿದರು. ದಿಲ್ಲಿಗೆ ಹೋದರೆ ತಾವು ಏನೇನು ಮಾಡುವವರೆಂದು ಮಾಸ್ತರರು ಗಂಟಲು ಒಣಗುವವರೆಗೆ ಹೇಳಿದರು. ಒಬ್ಬರೂ ಎದ್ದು ಹೋಗಲಿಲ್ಲ. ಚಪ್ಪಾಳೆ ತಟ್ಟಿದರು, ಮಾಲೆ ಹಾಕಿದರು, ಚಹಾ ಕುಡಿಸಿದರು. ಮಾಸ್ತರರ ಕಣ್ಣು ತುಂಬಿ ಬಂತು.

"ಸೋತರೂ ಚಿಂತಿಲ್ಲ ಯವ್ವಾ. ಈ ಒಂದು ಊರಿನ ವೋಟು ನನಗ ಸಿಕ್ಕರ ಸಾಕು."

ಕಲ್ಲವ್ವ ಸುತ್ತ ಕೂತವರ ಮುಖ ನೋಡಿದಳು. ಎಲ್ಲರೂ ತಲೆ ತಗ್ಗಿಸಿದರು.

"ನಿಮಗ ಸುಳ್ಳು ಹೇಳಬಾರದ್ರಿ ಮಾಸ್ತರ," ಎಂದಳು ಮೆಲ್ಲಗೆ. "ನಮ್ಮ ಕ್ಷೇತ್ರಕ್ಕ ನಿಂತವರು ಒಬ್ಬರೂ ಈ ಊರಿಗೆ ಬರಲಿಲ್ಲ. ಅದಕ್ಕ ಬಾಜೂ ಕ್ಷೇತ್ರದಾಗ ನಿಂತ ನಿಮ್ಮನ್ನ ಹಿಡಕೊಂಡ್ವಿ."