ತವರಿಗೆ ಹೊರಟ ಮುದ್ದೆಮಾಲು

ಕಾಲ ಬುಡದ ಗೋಣಿಚೀಲದೊಳಗೆ ಏನೋ ಪರಚಿದ ಸದ್ದಾಯಿತು. ಮದರಬಿ ಜೋರಾಗಿ ಕೆಮ್ಮಿದಳು.

ಬಸ್ಸು ಇನ್ನೂ ರೋಣ ದಾಟಿರಲಿಲ್ಲ. ಕಂಡಕ್ಟರ್ ಹನುಮಪ್ಪ ಟಿಕೆಟ್ ಹರಿಯುತ್ತ ಅವಳ ಸೀಟಿನ ಹತ್ತಿರ ಬಂದು ನಿಂತ.

"ಚಾಚಿ, ಚೀಲದಾಗ ಏನೈತ್ರಿ? ಕೋಳಿ ಇದ್ರ ಈಗ ಹೇಳ್ರಿ. ಕೋಳಿಗೂ ಟಿಕೆಟ್ ಐತಿ."

"ಕೋಳಿ ಎಲ್ಲಿಂದ ಬರ್ಬೇಕಪ್ಪ? ತವರಿಗೆ ಹೊಂಟೀನಿ, ಹೊಳೆಮಣ್ಣೂರಿಗೆ. ಕೌದಿ ಐತಿ, ಒಂದೀಟು ಮೆಂತೆ ಪಲ್ಲೆ ಐತಿ."

"ಕೌದಿ ಕೆರಕೊಳ್ಳಾಕತ್ತೈತಲ್ರಿ!"

"ತಿಗಣಿ ಭಾಳ ಆಗ್ಯಾವ. ಕೈ ಹಾಕಿ ನೋಡ್ತೀಯೇನು?"

ಹಿಂದಿನ ಸೀಟಿನವರು ನಕ್ಕರು. ಹನುಮಪ್ಪ ಕೈ ಹಿಂದೆ ತೆಗೆದುಕೊಂಡ. ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಪೊಲೀಸಪ್ಪ ಮಾತ್ರ ಕಣ್ಣು ತೆರೆದು ಒಮ್ಮೆ ತಿರುಗಿ ನೋಡಿದ. ಮದರಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮತ್ತೆ ಕೆಮ್ಮಿದಳು.

ಚೀಲದಲ್ಲಿ ಮೂವತ್ತೊಂದು ಆಮೆಗಳಿದ್ದವು. ಅರಣ್ಯ ಇಲಾಖೆಯ ಗೋದಾಮಿನ ಕೀಲಿಯನ್ನು ಗೋಡೆಯ ಮೊಳೆಯಿಂದ ತೆಗೆದುಕೊಂಡು, ಹಾಡುಹಗಲೇ ಕದ್ದು ತಂದಿದ್ದಳು.

ಅವಳು ಆ ಕಚೇರಿಯ ಕಸ ಗುಡಿಸುವವಳು. ಹನ್ನೆರಡು ದಿನದ ಹಿಂದೆ ನರಗುಂದದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಬಿಟ್ಟು ಓಡಿದ ಸೂಟ್‌ಕೇಸು ಸಿಕ್ಕಿತ್ತು. ತೆರೆದರೆ ಮೂವತ್ತೆಂಟು ಆಮೆ. ಒಂದೊಂದನ್ನೂ ಒಂದೊಂದು ಕಾಲುಚೀಲದೊಳಗೆ ತುರುಕಿ ಟೇಪು ಸುತ್ತಿದ್ದರು. ಬೆನ್ನಿನ ಮೇಲೆ ಹಳದಿ ಗೆರೆಗಳು, ನಕ್ಷತ್ರ ಬಿಡಿಸಿದ ಹಾಗೆ.

"ಇವನ್ನ ಹೊರದೇಶಕ್ಕ ಸಾಗಿಸ್ತಾರ," ಅಂದಿದ್ದ ಹೊಸದಾಗಿ ಬಂದ ಸಾಹೇಬ ಶರತ. "ಅಲ್ಲಿ ಮಂದಿ ಗಾಜಿನ ಪೆಟ್ಟಿಗ್ಯಾಗ ಇಟ್ಟು ನೋಡ್ತಾರ. ಹಿಂಗಾದ್ರ ಈ ಜಾತಿನ ಉಳಿಯೂದಿಲ್ಲ. ಮದರಬಿಯವ್ರ, ಇವು ಈಗ ಮುದ್ದೆಮಾಲು. ಕೋರ್ಟಿನ ಸ್ವತ್ತು. ಜಡ್ಜ್ ಸಾಹೇಬ್ರು ಬಿಡ್ರಿ ಅನ್ನೂ ತನಕ ಗೋದಾಮಿನಿಂದ ಹೊರಗ ಹೋಗಬಾರದು. ಒಂದು ಹೋದ್ರೂ ನನ್ನ ಕುತ್ತಿಗಿಗೆ ಬರ್ತೈತಿ."

ಹಾಗೆಂದವನು ಒಂದು ಕಾಗದಕ್ಕಾಗಿ ನರಗುಂದ, ಗದಗ ತಿರುಗತೊಡಗಿದ. ಒಂದು ದಿನ ಜಡ್ಜರು ರಜೆ, ಇನ್ನೊಂದು ದಿನ ಗುಮಾಸ್ತ ರಜೆ. ಗೋದಾಮಿನಲ್ಲಿ ಮದರಬಿ ಒಬ್ಬಳೇ ಉಳಿದಳು.

ಅವಳಿಗೆ ಆಮೆಯ ವಿಷಯ ಯಾರೂ ಹೇಳಿಕೊಡಬೇಕಿರಲಿಲ್ಲ. ಮಲಪ್ರಭೆಯ ದಂಡೆಯಲ್ಲೇ ಹುಟ್ಟಿದವಳು. ಬಂಡೆಯ ಮೇಲೆ ಬಿಸಿಲು ಕಾಯುವ ಆಮೆಗಳು, ಹೆಜ್ಜೆ ಸಪ್ಪಳಕ್ಕೆ ದುಬುಕ್ಕನೆ ಹೊಳೆಗೆ ಬೀಳುವುದನ್ನು ನೋಡುತ್ತಲೇ ಬೆಳೆದಿದ್ದಳು. ಮೊದಲ ದಿನವೇ ಕಾಲುಚೀಲದ ಟೇಪು ಬಿಡಿಸಿ, ಹಿತ್ತಲಿನ ಸಿಮೆಂಟ್ ತೊಟ್ಟಿಯನ್ನು ಗೋದಾಮಿಗೆ ಎಳೆಸಿ, ಅರ್ಧ ಚಿಪ್ಪು ಮುಳುಗುವಷ್ಟು ನೀರು ಹೊಯ್ದು ಎಲ್ಲವನ್ನೂ ಬಿಟ್ಟಳು. ಪಾಪ, ಎಷ್ಟು ದಿನ ಒಣಗಿದ್ದವೋ.

ಅವು ಒಂದರ ಮೇಲೊಂದು ಹತ್ತಿ ತೊಟ್ಟಿಯ ಗೋಡೆ ಕೆರೆದವು. ರಾತ್ರಿಯೆಲ್ಲ ಕೆರೆದವು. ಐದನೆಯ ದಿನ ಒಂದು ಸತ್ತಿತ್ತು.

ಬೋರಿನ ಸವುಳು ನೀರಿನ ದೋಷ ಅಂದುಕೊಂಡು, ಮದರಬಿ ಕೆರೆಯಿಂದ ಸಿಹಿನೀರು ಹೊತ್ತು ತಂದಳು. ಮರುದಿನ ಇನ್ನೊಂದು ಹೋಯಿತು. ದಿನಕ್ಕೆ ಎರಡು ಸಲ ನೀರು ಬದಲಿಸಿದಳು. ಉಳಿದವುಗಳ ಮೂಗಿನಲ್ಲಿ ಗುಳ್ಳೆ ಬರತೊಡಗಿತು. ಮೇವು ಬಿಟ್ಟವು. ಮದರಬಿಯೂ ರೊಟ್ಟಿ ಬಿಟ್ಟಳು.

ಏಳನೆಯದನ್ನು ಹಿತ್ತಲಲ್ಲಿ ಹೂಳಿ ಬಂದ ದಿನ ಫೋನು ಬಂತು.

"ಹ್ಯಾಂಗದಾವ್ರಿ?" ಶರತನ ದನಿ ಸೋತಿತ್ತು.

"ದಿನಾ ಒಂದು ಹೊಂಟೈತ್ರಿ ಸಾಹೇಬ್ರ. ಲಗೂ ಬರ್ರಿ."

"ನೀರು ಕೊಡಾಕತ್ತೀರಿಲ್ಲೋ?"

"ದಿನಾ ಹೊಸಾ ನೀರ್ರಿ."

"ಚಲೋ ಆತು. ಇನ್ನೆರಡು ದಿನ ತಡಕೋರಿ. ಕಾಗದ ತರ್ತೀನಿ."

ಎರಡು ದಿನ ಅಂದರೆ ಇನ್ನೆರಡು ಹೆಣ. ತೊಟ್ಟಿಯ ನೀರು ಎಷ್ಟಾದರೂ ತೊಟ್ಟಿಯ ನೀರು. ಹೊಳೆಯ ಜೀವಕ್ಕೆ ಹೊಳೆಯೇ ಬೇಕು. ಕೆಲಸ ಹೋಗಲಿ, ಜೈಲಾಗಲಿ. ಮರುದಿನ ಮಧ್ಯಾಹ್ನ ಮದರಬಿ ಕೀಲಿಗೆ ಕೈ ಹಾಕಿದ್ದಳು.

ಹೊಳೆಮಣ್ಣೂರಿನಲ್ಲಿ ಇಳಿದವಳು ಅಣ್ಣನ ಮನೆಯ ಕಡೆ ತಿರುಗಿಯೂ ನೋಡಲಿಲ್ಲ. ಚೀಲ ಹೊತ್ತು ನೇರ ಹೊಳೆಗೆ ನಡೆದಳು. ಶ್ರಾವಣದ ದಿನಗಳು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟು ವಾರವಾಗಿತ್ತು. ಮಲಪ್ರಭೆ ಕೆಂಪಗೆ, ದಂಡೆ ತುಂಬಿ ಹರಿಯುತ್ತಿತ್ತು.

ಬಟ್ಟೆ ಒಗೆಯುವ ಬಂಡೆಯ ಮೇಲೆ ಕೂತು ಒಂದೊಂದಾಗಿ ಬಿಟ್ಟಳು. ಒಂದೊಂದಕ್ಕೂ ಬಿಸ್ಮಿಲ್ಲಾ ಅಂದಳು. ಕೊನೆಯದು ಕತ್ತು ಚಾಚಿ, ಉಗುರಿನಿಂದ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

"ನನ್ನ ಮ್ಯಾಲ ಎಷ್ಟ್ ಜೀವ ನಿನಗ! ಹೋಗು ನನ್ನವ್ವ, ನಿನ್ನ ಮನಿ ಬಂತು," ಎಂದು ಮೆಲ್ಲಗೆ ಬಿಡಿಸಿ ನೀರಿಗಿಳಿಸಿದಳು.

ಒಂದಾದರೂ ತಿರುಗಿ ಮೇಲೆ ಬರಲಿಲ್ಲ. ತವರೆಂದರೆ ಹಾಗೆಯೇ ಅಂದುಕೊಂಡಳು. ಹನ್ನೆರಡು ದಿನದ ಮೇಲೆ ಅವಳ ಎದೆ ಹಗುರಾಯಿತು.

ಹಿಂದೆ ಜೀಪು ನಿಂತ ಸದ್ದಾಯಿತು. ಖಾಲಿ ಗೋದಾಮು ಕಂಡು, ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿಕೊಂಡು ಬೆನ್ನತ್ತಿ ಬಂದಿದ್ದ ಶರತ, ಕೈಯಲ್ಲಿ ಕಾಗದ ಹಿಡಿದು ಓಡಿ ಬಂದ. ಮದರಬಿ ಎದ್ದು ಎರಡೂ ಕೈ ಮುಂದೆ ಚಾಚಿದಳು.

"ಬೇಡಿ ಹಾಕ್ರಿ ಸಾಹೇಬ್ರ. ಕಳವು ಮಾಡಿದ್ದು ಖರೇ. ಆದ್ರ ಮೂವತ್ತೊಂದೂ ಬದುಕಿದುವು."

ಶರತ ಖಾಲಿ ಚೀಲ ನೋಡಿದ. ಹೊಳೆ ನೋಡಿದ. ಬಂಡೆಯ ಮೇಲೆ ಕೂತ.

"ಆರ್ಡರ್ ಆಗಿತ್ರಿ," ಅಂದ. "ಸಂಜಿಗೆ ಗಜೇಂದ್ರಗಡದ ಗುಡ್ಡದಾಗ ಬಿಡೂದಿತ್ತು."

"ಗುಡ್ಡದಾಗ?" ಮದರಬಿಗೆ ನಗು ಬಂತು. "ಅಲ್ಲಿ ಹೊಳಿ ಎಲ್ಲೈತ್ರಿ ಸಾಹೇಬ್ರ?"

"ಇವು ಒಣನೆಲದ ಆಮಿ, ಮದರಬಿಯವ್ರ. ಇವಕ್ಕ ಈಸಾಕ ಬರೂದಿಲ್ಲ."