ಆರು ವರ್ಷದ ಚಪ್ಪಾಳೆ

ಕುಡಿತ ಬಿಟ್ಟವರ ಭಾನುವಾರದ ಕೂಟದಲ್ಲಿ ತಿಪ್ಪೇಸ್ವಾಮಿಯೇ ಹಿರಿಯ. ಹೊಸಬರಿಗೆಲ್ಲ ಅವನ ಫೋನ್ ನಂಬರನ್ನೇ ಕೊಡುತ್ತಿದ್ದರು. ಆದರೆ ಕಳೆದ ಭಾನುವಾರ ಅವನು ಕುಡಿದು, ವಾಸನೆ ಬಾರದಿರಲೆಂದು ಏಲಕ್ಕಿ ಜಗಿದು ಹೋಗಿದ್ದ. ಬಿಟ್ಟು ಎಷ್ಟಾಯಿತೆಂದು ಹೇಳುವ ಸರದಿ ಬಂದಾಗ "ಆರು ವರ್ಷ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಬುಧವಾರ ಹೊಸಬ ನಾಸಿರನ ಫೋನು ಬಂತು. "ಕುಡೀಬೇಕು ಅನ್ಸ್ತೈತಣ್ಣ. ಬರ್ತೀರಾ?"

ಯಾವ ಮುಖ ಇಟ್ಟುಕೊಂಡು ಹೋಗುವುದು ಎನ್ನುತ್ತಲೇ ತಿಪ್ಪೇಸ್ವಾಮಿ ಹೋದ. ಟೀ ಅಂಗಡಿಯಲ್ಲಿ ಎರಡು ಗಂಟೆ ಕೂತು ಧೈರ್ಯ ಹೇಳಿದ. ಹೇಳಿದ ಒಂದೊಂದು ಮಾತೂ ತನ್ನ ಎದೆಗೇ ಚುಚ್ಚುತ್ತಿತ್ತು.

"ಈಗ ಹೆಂಗೈತಪ್ಪಾ?"

"ನಂಗೇನೂ ಆಗಿರ್ಲಿಲ್ಲಣ್ಣ. ಭಾನುವಾರ ನಿಮ್ಮ ಪಕ್ಕದಾಗೇ ಕೂತಿದ್ದೆ." ನಾಸಿರ್ ಇನ್ನೆರಡು ಟೀ ಹೇಳಿದ. "ಏಲಕ್ಕಿ ನಾನೂ ಹತ್ತು ವರ್ಷ ಜಗ್ದಿದೀನಿ."