ನೂರಕ್ಕೆ ನೂರು ತೃಪ್ತಿ

“ಸೋಮವಾರ ಸಾಹೇಬರು ಬರ್ತಾರೆ. ಅಷ್ಟರೊಳಗೆ ಎಲ್ಲರ ಅಭಿಪ್ರಾಯ ಬಂದಿರಬೇಕು,” ಎಂದು ಹೆಡ್‌ಮಾಸ್ಟರು ಮೂರು ಕಟ್ಟು ಹಾಳೆಗಳನ್ನು ಡ್ರಾಯಿಂಗ್ ಮೇಷ್ಟ್ರ ಮುಂದೆ ಕುಕ್ಕಿದರು. ವಿದ್ಯಾರ್ಥಿಗಳದ್ದು ಹಳದಿ, ಪೋಷಕರದ್ದು ಹಸಿರು, ಶಿಕ್ಷಕರದ್ದು ಗುಲಾಬಿ. ಈ ಸರ್ಕಾರಿ ಹೈಸ್ಕೂಲಿನ ಬಗ್ಗೆ ಯಾರಿಗೇನು ಅನ್ನಿಸುತ್ತದೆ ಎಂದು ಸರ್ಕಾರಕ್ಕೆ ಇದ್ದಕ್ಕಿದ್ದಂತೆ ತಿಳಿದುಕೊಳ್ಳುವ ಆಸೆಯಾಗಿತ್ತು.

“ಪೋಷಕರನ್ನ ಕರೆಸೋದು ಕಷ್ಟ ಸಾರ್. ಎಲ್ಲರೂ ಕೆಲಸಕ್ಕೆ ಹೋಗೋರು,” ಎಂದರು ಮೇಷ್ಟ್ರು.

“ಪಾಪ, ಅವರಿಗ್ಯಾಕೆ ತೊಂದರೆ? ನಿಮ್ಮ ಕೈ ಇದೆಯಲ್ಲ! ನೂರು ಥರದ ಅಕ್ಷರ ಬರೀತೀರಿ ಅಂತ ಊರೇ ಹೇಳುತ್ತೆ.”

“ಶಿಕ್ಷಕರ ಅಭಿಪ್ರಾಯ?”

“ನಿಮ್ಮೆಲ್ಲರ ಅಭಿಪ್ರಾಯ ನಾನೇ ಬರೆದಾಯ್ತು. ಸಹಿ ಹಾಕಿದ್ರೆ ಸಾಕು.”

ಮೇಷ್ಟ್ರು ಗುಲಾಬಿ ಹಾಳೆ ಓದಿ ಸಹಿ ಹಾಕಿದರು. ತಾವು ಇಷ್ಟೊಂದು ಸುಖವಾಗಿದ್ದೇವೆಂದು ಅದನ್ನು ಓದಿದ ಮೇಲೆಯೇ ಅವರಿಗೆ ಗೊತ್ತಾದದ್ದು. ಹಳದಿ ಹಾಳೆಗಳಿಗೂ ಹೆಚ್ಚು ಶ್ರಮವಾಗಲಿಲ್ಲ. ಮಕ್ಕಳ ಸ್ವಂತ ಅನಿಸಿಕೆಗಳನ್ನು ಕರಿಹಲಗೆಯ ಮೇಲೆ ಬರೆದುಕೊಟ್ಟರು, ಮಕ್ಕಳು ತಪ್ಪಿಲ್ಲದೆ ನಕಲು ಮಾಡಿಕೊಂಡರು. ಉಳಿದದ್ದು ಹಸಿರು. ಶನಿವಾರ ಶಾಲೆ ಬಿಟ್ಟ ಮೇಲೆ ಡ್ರಾಯಿಂಗ್ ಕೋಣೆಯ ಉದ್ದನೆಯ ಮೇಜಿನ ಮುಂದೆ ಕೂತರು. ಅದು ಮೇಜೇನೂ ಅಲ್ಲ, ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು. ಏಳು ತಿಂಗಳ ಹಿಂದೆ ಚೌಕಟ್ಟಿಗೆ ಗೆದ್ದಲು ಹಿಡಿದು ಕಳಚಿ ಬಿದ್ದಿತ್ತು. ಮರ ಗಟ್ಟಿ ಇದೆ, ಸುಮ್ಮನೆ ಹಾಳಾಗುವುದು ಬೇಡ ಎಂದು ಹೆಡ್‌ಮಾಸ್ಟರೇ ಅದನ್ನು ಎರಡು ಸ್ಟೂಲುಗಳ ಮೇಲೆ ಹಾಕಿಸಿದ್ದರು. ಬರೆಯುವಾಗ ಚಿಲಕ ಮೊಣಕೈಗೆ ಚುಚ್ಚುತ್ತಿತ್ತು. ಆದರೂ ಮೇಷ್ಟ್ರು ಖುಷಿಯಿಂದಲೇ ಬರೆದರು. ಅಜ್ಜಿಯೊಬ್ಬಳಿಗೆ ನಡುಗುವ ಅಕ್ಷರ, ಲಾರಿ ಡ್ರೈವರನಿಗೆ ಬಾಗಿದ ಅಕ್ಷರ, ಗುಮಾಸ್ತನಿಗೆ ಯಾರೂ ಓದಲಾಗದ ಅಕ್ಷರ. ಇಷ್ಟು ಜನ ಒಂದೇ ದಿನ ಶಾಲೆಯನ್ನು ಹೊಗಳಿದ್ದು ಅದರ ಚರಿತ್ರೆಯಲ್ಲೇ ಮೊದಲು.

ಅಷ್ಟರಲ್ಲಿ ಬೀದಿ ಕೊನೆಯ ಹೊಲಿಗೆ ಅಂಗಡಿಯಾಕೆ ಬಾಗಿಲಲ್ಲಿ ನಿಂತಳು. ಅವಳ ಮಗಳು ಒಂಬತ್ತನೇ ತರಗತಿ. “ಮಗಳು ಒಂದು ಹಾಳೆ ಕೇಳಿ ಇಸ್ಕೊಂಡು ಬಂದಿದ್ಲು ಮೇಷ್ಟ್ರೇ. ನಾನೇ ಬರೆದಿದ್ದೀನಿ. ತಪ್ಪಿದ್ರೆ ನಗಬೇಡಿ.”

ತಪ್ಪೇನೂ ಇರಲಿಲ್ಲ. ‘ಪಾಠ ಚೆನ್ನಾಗಿ ಮಾಡುತ್ತಾರೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿಲ್ಲ. ನನ್ನ ಮಗಳು ಶಾಲೆಯಲ್ಲಿ ಸಂಜೆಯವರೆಗೆ ನೀರೇ ಕುಡಿಯುವುದಿಲ್ಲ. ಎರಡು ಸಲ ಜ್ವರ ಬಂದು ಮಲಗಿದಳು.’ ಒಂದೊಂದು ಅಕ್ಷರವೂ ಕೈಹೊಲಿಗೆಯ ಹಾಗೆ ಬಿಡಿಬಿಡಿಯಾಗಿ, ಒಂದೇ ಅಳತೆಯಲ್ಲಿತ್ತು. ಮೇಷ್ಟ್ರು ಮೆಲ್ಲನೆ ಒಂದು ಹಾಳೆ ಸರಿಸಿ ಚಿಲಕವನ್ನು ಮುಚ್ಚಿದರು.

“ಇದು ಸಾಹೇಬರ ಕೈಗೆ ಸೇರುತ್ತಲ್ವಾ?”

“ಸೇರಿಸ್ತೀನಮ್ಮ. ಆ ಜವಾಬ್ದಾರಿ ನಂದು.”

ಹೆಡ್‌ಮಾಸ್ಟರು ಅದನ್ನು ಓದಿ ಮುಖ ಕಿವುಚಿದರು. “ಒಳ್ಳೇ ಹಾಲಿಗೆ ಹುಳಿ ಹಿಂಡಿದ್ಲಲ್ಲ ಈಯಮ್ಮ! ಬೇರೆ ಬರೀರಿ.”

“ಮಾತು ಕೊಟ್ಟಿದ್ದೀನಿ ಸಾರ್.”

“ಮಾತು ಉಳಿಸ್ಕೊಳ್ರೀ, ಬೇಡ ಅಂದೋರ್ಯಾರು? ಹಾಳೆ ಮಾತ್ರ ಬದಲಾಯಿಸಿ. ಅಂದ ಹಾಗೆ, ನಿಮ್ಮ ವರ್ಗಾವಣೆ ಅರ್ಜಿ ಇನ್ನೂ ನನ್ನ ಮೇಜಿನ ಮೇಲೇ ಇದೆ.”

ಮೇಷ್ಟ್ರಿಗೆ ನಾಚಿಕೆಯಾಯಿತು. ಆದರೆ ಆ ಹಾಳು ಕೈಗೆ ಆಗಲಿಲ್ಲ. ಒಂದಿಷ್ಟೂ ನಡುಗದೆ ಅದೇ ಹೊಲಿಗೆಯ ಅಕ್ಷರದಲ್ಲಿ ಬರೆಯಿತು: ‘ಶಾಲೆಯಲ್ಲಿ ಯಾವ ಕೊರತೆಯೂ ಇಲ್ಲ. ಮಗಳು ಮನೆಗಿಂತ ಇಲ್ಲೇ ಸುಖವಾಗಿದ್ದಾಳೆ.’

ಸೋಮವಾರ ಸಾಹೇಬರು ಹಾಳೆಗಳನ್ನೆಲ್ಲ ತಿರುವಿ ಹಾಕಿ ಕೈಮುಗಿದುಬಿಟ್ಟರು. “ಒಂದು ಶಾಲೆಗೆ ದುರಸ್ತಿ ಮಂಜೂರು ಮಾಡೋಕೆ ಬಂದಿದ್ದೆ. ಹೆಚ್ಚು ದೂರು ಎಲ್ಲಿದೆಯೋ ಅಲ್ಲಿಗೆ ಕೊಡಿ ಅಂತ ಆದೇಶ. ನಿಮ್ಮಲ್ಲಿ ಭೂತಗನ್ನಡಿ ಹಿಡಿದು ಹುಡುಕಿದ್ರೂ ಒಂದು ದೂರಿಲ್ಲ. ಧನ್ಯರು ಕಣ್ರೀ ನೀವು!”

ಹೆಡ್‌ಮಾಸ್ಟರು ಇಂಗು ತಿಂದ ಮಂಗನಂತೆ ನಿಂತರು. ಮಂಜೂರಾತಿ ಜೀಪಿನಲ್ಲಿ ಕೂತು ಪಕ್ಕದ ಊರಿನ ಶಾಲೆಗೆ ಹೋಯಿತು. ಇವರಿಗೆ ಉಳಿದದ್ದು ಒಂದು ಪ್ರಶಸ್ತಿಪತ್ರ, ಜೊತೆಗೆ ಒಂದು ಅಪ್ಪಣೆ: ಈ ಸಂತೋಷವನ್ನು ಗೇಟಿನ ಮೇಲೆ ದೊಡ್ಡ ಬೋರ್ಡು ಬರೆಸಿ ಹಾಕಬೇಕು. ಬೋರ್ಡಿಗೆ ಹಲಗೆ ಎಲ್ಲಿಂದ ತರುವುದು ಎಂದು ಹೆಡ್‌ಮಾಸ್ಟರು ತಲೆ ಕೆಡಿಸಿಕೊಳ್ಳಲಿಲ್ಲ. ಗಟ್ಟಿ ಮರ ಡ್ರಾಯಿಂಗ್ ಕೋಣೆಯಲ್ಲೇ ಇತ್ತು. ಮೇಷ್ಟ್ರು ಅದಕ್ಕೆ ಬಿಳಿ ಬಣ್ಣ ಬಳಿದು, ತಮ್ಮ ಸ್ವಂತ ಅಕ್ಷರದಲ್ಲಿ ‘ನೂರಕ್ಕೆ ನೂರು ತೃಪ್ತಿ’ ಎಂದು ಬರೆದರು. ಚಿಲಕದ ತಿರುಪುಗಳು ತುಕ್ಕು ಹಿಡಿದು ಕೂತಿದ್ದರಿಂದ ಅದನ್ನು ಹಾಗೆಯೇ ಬಿಟ್ಟರು.

ಗುರುವಾರ ಸಂಜೆ ಬೋರ್ಡು ಗೇಟಿನ ಪಕ್ಕ ಗೋಡೆಗೆ ಒರಗಿ ಒಣಗುತ್ತಿತ್ತು. ಮಗಳನ್ನು ಕರೆದೊಯ್ಯಲು ಬಂದ ಹೊಲಿಗೆಯಾಕೆ ನೋಟಿಸ್ ಬೋರ್ಡಿಗೆ ಚುಚ್ಚಿದ್ದ ಹಸಿರು ಹಾಳೆಗಳ ಮುಂದೆ ನಿಂತಳು. ತನ್ನದು ಸಿಕ್ಕಿತು. ಎರಡು ಸಲ ಓದಿದಳು.

“ಅಕ್ಷರವೇನೋ ನಂದೇ ಮೇಷ್ಟ್ರೇ,” ಎಂದಳು, ಬಣ್ಣದ ಡಬ್ಬ ಹಿಡಿದು ನಿಂತಿದ್ದ ಅವರ ಕಡೆ ತಿರುಗಿ. “ಇಷ್ಟು ನೀಟಾಗಿ ಸುಳ್ಳು ಬರೆಯೋದನ್ನ ನಾನ್ಯಾವಾಗ ಕಲಿತೆ?”

ನೂರು ಥರದ ಅಕ್ಷರ ಬಲ್ಲ ಮೇಷ್ಟ್ರು ಬಣ್ಣದ ಡಬ್ಬದ ಮುಚ್ಚಳ ಹುಡುಕತೊಡಗಿದರು. ಅವರಿಬ್ಬರ ಹಿಂದೆ ಹುಡುಗಿ ಬೋರ್ಡಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಹಸಿ ಬಣ್ಣ ತಾಗದ ಹಾಗೆ ಎರಡು ಬೆರಳಿನಿಂದ ಚಿಲಕವನ್ನು ಎಳೆದು ನೋಡಿದಳು. ಅದು ಟಕ್ ಎಂದು ಸರಿಯಿತು.

“ಅಮ್ಮಾ, ಇಲ್ನೋಡು,” ಎಂದಳು, “ಚಿಲಕ ಇನ್ನೂ ಚೆನ್ನಾಗಿ ಬೀಳುತ್ತೆ.”